ಇಂದಿರಕ್ಕನ ಪಾಲಿನ ಸುಸ್ತು

ದೇವರ ದೀಪಗಳನ್ನು ಹುಣಸೆಹುಳಿ ಹಾಕಿ ತಿಕ್ಕುವಾಗ ಫೋನ್ ಬಂದರೆ ನಾನು ಎತ್ತುವುದಿಲ್ಲ. ಗುರುವಾರ ಸಂಜೆಯ ಆ ಹೊತ್ತು ದೇವರದು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದು ಭಕ್ತಿ ಎಂದು ಅವರು ತಿಳಿದುಕೊಂಡಿದ್ದಾರೆ, ನಾನೂ ತಿದ್ದಲು ಹೋಗಿಲ್ಲ. ನಿಜವೇನೆಂದರೆ, ಸಂಸಾರಸ್ಥ ಹೆಂಗಸಿಗೆ ಯಾರ ಪ್ರಶ್ನೆಗೂ ಉತ್ತರ ಕೊಡದೆ ಕೂರಲು ಸಿಗುವ ಜಾಗ ಎರಡೇ: ಒಂದು ದೇವರ ಮುಂದೆ, ಇನ್ನೊಂದು ಬಚ್ಚಲಲ್ಲಿ. ಬಚ್ಚಲಲ್ಲಿ ಕುಳಿತು ದೇವರ ದೀಪ ತಿಕ್ಕುವಾಗ ಎರಡೂ ಒಟ್ಟಿಗೆ ಸಿಗುತ್ತವೆ. ಘಾಟ್ಕೋಪರಿನ ಸಣ್ಣ ಫ್ಲಾಟಿನಲ್ಲಿ ಇದಕ್ಕಿಂತ ದೊಡ್ಡ ಏಕಾಂತ ಬೇಡಬಾರದು. ಆದರೆ ಆ ಗುರುವಾರ ಫೋನ್ ಬಡಿದುಕೊಂಡು ನಿಂತಿತು, ಮತ್ತೆ ಬಡಿದುಕೊಂಡಿತು. ಕೊನೆಗೆ ನಮ್ಮವರೇ ಅದನ್ನು ತಂದು ನನ್ನ ಕಿವಿಗೆ ಹಿಡಿದರು. "ನಿನ್ನ ಇಂದಿರಕ್ಕ. ಈಗ ಮಾತಾಡದಿದ್ದರೆ ಟ್ಯಾಕ್ಸಿ ಹಿಡಿದು ಬಂದುಬಿಟ್ಟಾರು" ಎಂದರು.

"ವಾರಿಜಾ, ಸ್ನೇಹಾ ಒಪ್ಪಿದಳು ಮಾರಾಯ್ತಿ!"

"ಯಾವುದಕ್ಕೆ ಇಂದಿರಕ್ಕ?"

"ಎಂತ ಯಾವುದಕ್ಕೆ? ನಡೀಲಿಕ್ಕೆ! ಪರೇಲಿಗೆ ನಾನೂ ಬರ್ತೇನೆ. ನೀನು ನನ್ನ ಬಗಲಲ್ಲೇ ಇರ್ಬೇಕಂತೆ, ಹಾಗಾದ್ರೆ ಮಾತ್ರ ಅಂತೆ."

ಕೈಯಲ್ಲಿದ್ದ ದೀಪ ಜಾರಿ ಬಕೆಟಿಗೆ ಬಿತ್ತು. ಬಕೆಟಿನಲ್ಲಿ ನೀರಿತ್ತು, ದೀಪ ನೆಗ್ಗಲಿಲ್ಲ. ದೇವರು ದೊಡ್ಡವನು.

ವಿಷಯ ಇಷ್ಟು. ಪರೇಲಿನ ದೊಡ್ಡ ಆಸ್ಪತ್ರೆಗಳ ಹಿಂದಿನ ಒಂದು ಓಣಿಯಲ್ಲಿ ನಮ್ಮ ಭಜನಾ ಮಂಡಳಿಯ ಹೆಂಗಸರು ನಡೆಸುವ ಒಂದು ಅಡುಗೆಮನೆ ಇದೆ. ವಿಜಾಪುರದಿಂದ, ರಾಯಚೂರಿನಿಂದ, ನಮ್ಮ ಕರಾವಳಿಯಿಂದ ರೋಗಿಯನ್ನು ಕರೆತಂದು, ವಾರ್ಡಿನ ಒಳಗೆ ಜಾಗವಿಲ್ಲದೆ ಫುಟ್‌ಪಾತಿನಲ್ಲೇ ಗಂಟುಮೂಟೆ ಬಿಚ್ಚಿಕೊಂಡು ಕೂರುವವರಿಗೆ ಅಲ್ಲಿ ಮಧ್ಯಾಹ್ನ ಗಂಜಿ, ಒಂದು ಪಲ್ಯ, ಉಪ್ಪಿನಕಾಯಿ ಬಡಿಸುತ್ತಾರೆ. ಆ ಕಟ್ಟಡ ಕೆಡವಿ ಹೊಸದು ಕಟ್ಟುತ್ತಾರಂತೆ. ಪಕ್ಕದ ಓಣಿಯಲ್ಲಿ ಬೇರೆ ಜಾಗ ಸಿಕ್ಕಿದೆ, ಅದಕ್ಕೆ ಡಿಪಾಸಿಟ್ ಬೇಕು. ಮಂಡಳಿಯ ಸಭೆಯಲ್ಲಿ ಯಾರೋ, "ಈಗ ಎಲ್ಲರೂ ನಡೀತಾರೆ, ನಾವೂ ನಡೆಯುವ. ಗುರುತಿನವರು ನಮ್ಮ ಹೆಸರಲ್ಲಿ ಕೊಡ್ತಾರೆ" ಎಂದರು. ಮುಲುಂಡಿನಿಂದ ಪರೇಲಿನವರೆಗೆ ಎಂದು ನಿಶ್ಚಯವಾಯಿತು. ಪ್ರಾಯದವರು ಒಂದೇ ದಿನದಲ್ಲಿ ಮುಗಿಸುವ ದಾರಿಯನ್ನು ನಮ್ಮ ಪ್ರಾಯ ನೋಡಿ ನಾಲ್ಕು ಬೆಳಗ್ಗೆಗೆ ಹಂಚಿದರು.

ಇಂದಿರಕ್ಕನಿಗೆ ಪ್ರಾಯ ಎಪ್ಪತ್ತು ದಾಟಿದೆ. ಬಲಗಾಲಿನ ಮೊಣಕಾಲು ಸವೆದುಹೋಗಿ ಮುಂದಿನ ತಿಂಗಳು ಆಪರೇಷನ್ ಎಂದು ನಿಶ್ಚಯವಾಗಿದೆ. ಅವರು ಈ ಸಾಹಸಕ್ಕೆ ಇಳಿದದ್ದು ಹುಚ್ಚಿನಿಂದಲ್ಲ. ಅವರ ಯಜಮಾನರು ಆ ಆಸ್ಪತ್ರೆಗಳಲ್ಲೊಂದರಲ್ಲಿ ಕೊನೆಯ ದಿನಗಳನ್ನು ಕಳೆದಾಗ ಇಂದಿರಕ್ಕ ದಿನವಿಡೀ ಹೊರಗಿನ ಬೆಂಚಿನಲ್ಲಿ ಕೂತಿರುತ್ತಿದ್ದರು. ಗಂಡ ಜೀವಮಾನವೆಲ್ಲ ಹೋಟೆಲಿನ ಗಲ್ಲಾದಲ್ಲಿ ಕೂತು ಊರಿಗೆಲ್ಲ ಊಟ ಕೊಟ್ಟವರು. ಹೆಂಡತಿ ಒಂದು ಮಧ್ಯಾಹ್ನ ಏನೂ ತಿನ್ನದೆ ಕೂತಿದ್ದಾಗ ಗುರುತು ಪರಿಚಯವಿಲ್ಲದ ಒಬ್ಬಾಕೆ ಬಂದು, "ಏಳಿ, ಒಂದು ಹಿಡಿ ಗಂಜಿ ಉಣ್ಣಿ, ನಿಮ್ಮವರನ್ನು ನೋಡ್ಲಿಕ್ಕೆ ನಿಮಗೆ ತ್ರಾಣ ಬೇಡ್ವಾ?" ಎಂದು ಕೈ ಹಿಡಿದು ಆ ಅಡುಗೆಮನೆಗೆ ಕರೆದುಕೊಂಡು ಹೋದಳಂತೆ. "ಅವತ್ತು ನನ್ನನ್ನು ಎತ್ತಿಕೊಂಡು ಹೋದ ಹಾಗೆ ಕರ್ಕೊಂಡು ಹೋದ್ರು ವಾರಿಜಾ. ಆ ಜಾಗ ಹೋಗುವ ಮೊದಲು ಒಮ್ಮೆ ನನ್ನ ಕಾಲಲ್ಲೇ ನಡೆದು ಹೋಗಿ ಅಲ್ಲಿ ಕೂರ್ಬೇಕು. ಆಪರೇಷನ್ ಆದ ಮೇಲೆ ಕಾಲು ಹೇಗಿರ್ತದೋ ಯಾರಿಗೆ ಗೊತ್ತು" ಎನ್ನುತ್ತಿದ್ದರು. ಇಷ್ಟು ಹೇಳಿದ ಮೇಲೆ ಬೇಡ ಎನ್ನುವ ಬಾಯಿ ನನಗಿಲ್ಲ.

ಆದರೆ ಸೊಸೆ ಸ್ನೇಹಾಳಿಗೆ ಇತ್ತು. ಮರಾಠಿ ಹುಡುಗಿ, ಅತ್ತೆಯನ್ನು ಆಯಿ ಎಂದು ಕರೆದು, ಅತ್ತೆಗೋಸ್ಕರ ಕನ್ನಡ ಕಲಿತವಳು. ಅವಳು ಒಂದು ಶರ್ತ ಹಾಕಿದಳು. "ಆಂಟಿ, ನಾನು ಗಾಡಿ ತಗೊಂಡು ಹಿಂದಿನಿಂದ ಬರ್ತೇನೆ. ಆಯಿ ಒಂದು ಸಲ, ಫಕ್ತ ಒಂದು ಸಲ, ಸುಸ್ತು ಅಂದ್ರು, ಬಸ್. ಗಾಡಿ ಒಳಗೆ, ಸೀದಾ ಮನೆ. ನಂತರ ವಾದ ಇಲ್ಲ. ಪ್ರಾಮಿಸ್?" ಇಂದಿರಕ್ಕ ತಕ್ಷಣ ಪ್ರಾಮಿಸ್ ಮಾಡಿದರು. ಅವರ ಬಾಯಿಯಿಂದ ಸುಸ್ತು ಎಂಬ ಮಾತು ಬರುವುದಿಲ್ಲ ಎಂದು ನನಗೆ ಗೊತ್ತು. ಬಿದ್ದರೂ ಹೇಳದೆ ಬೀಳುವ ಜಾತಿ. ನನ್ನ ಭಯವೂ ಅದೇ ಆಗಿತ್ತು.

ಇಂದಿರಕ್ಕನನ್ನು ನಾನು ಮದುವೆಯಾಗಿ ಮುಂಬಯಿಗೆ ಬಂದ ವಾರದಿಂದ ಬಲ್ಲೆ. ಮಾಟುಂಗದ ಹತ್ತಿರದ ಒಂದು ಚಾಳಿನಲ್ಲಿ ನಮ್ಮದು ಕೊನೆಯ ಖೋಲಿ, ಅವರದು ಅದರ ಪಕ್ಕದ್ದು, ಎದುರಿನದು ಲಲಿತಾಳದ್ದು. ಮೂವರಿಗೂ ಒಂದೇ ನಲ್ಲಿ. ನೀರು ಬರುವ ಮೊದಲೇ ಬಕೆಟುಗಳು ಸಾಲಾಗಿ ನಿಂತಿರುತ್ತಿದ್ದವು. ನಾನು ಊರಿನಿಂದ ತಂದ ತಾಮ್ರದ ಕೊಡವನ್ನು ಸಾಲಿನಲ್ಲಿ ಇಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ಅದು ಸಾಲಿನ ಕೊನೆಗೆ ಹೋಗಿರುತ್ತಿತ್ತು. ಅದನ್ನು ಎತ್ತಿ ಮತ್ತೆ ಮುಂದೆ ತಂದು, "ಈ ಕೊಡ ಯಾರದ್ದು ಗೊತ್ತುಂಟಾ? ನನ್ನ ತಂಗೀದು" ಎಂದು ಹಿಂದಿಯಲ್ಲಿ ಅಬ್ಬರಿಸಿದವರು ಇಂದಿರಕ್ಕ. ಅವರ ಹಿಂದಿ ಕೇಳಿ ಇಡೀ ಮಾಳಿಗೆ ಹೆದರಿತು. ಅದರಲ್ಲಿ ಅರ್ಧ ತುಳು ಇತ್ತು.

ಲೋಕಲ್ ರೈಲು ಹತ್ತಲು ಕಲಿಸಿದವರೂ ಅವರೇ. ಸೆರಗು ಸೊಂಟಕ್ಕೆ ಸಿಕ್ಕಿಸು, ಬಳೆ ಮೇಲೆ ಸರಿಸು, ಕಣ್ಣು ಮುಚ್ಚಿ ದೇವರ ಹೆಸರು ಹೇಳು, ಉಳಿದದ್ದು ಹಿಂದಿನವರು ನೋಡಿಕೊಳ್ಳುತ್ತಾರೆ. ಇದರ ಜೊತೆಗೆ ಇನ್ನೊಂದು ಪಾಠವಿತ್ತು: "ತಪ್ಪಿಸಿಕೊಂಡ್ರೆ ಅಳ್ತಾ ನಿಲ್ಬೇಡ. ಕಣ್ಣಿಗೆ ಕಂಡ ಉಡುಪಿ ಹೋಟೆಲಿಗೆ ಹೋಗು. ಗಲ್ಲಾದಲ್ಲಿ ಕೂತವರಿಗೆ ನಮ್ಮವರ ಹೆಸರು ಹೇಳು." ನಾನು ಎರಡನೆಯ ಸಲಕ್ಕೇ ತಪ್ಪಿಸಿಕೊಂಡೆ. ಇಳಿಯುವವರ ಮಧ್ಯದಿಂದ ಇಳಿಯಲಾಗದೆ ಎಲ್ಲೋ ದೂರ ಹೋಗಿ ಇಳಿದು, ನಡುಗುತ್ತ ಒಂದು ಹೋಟೆಲು ಹೊಕ್ಕು ಹೆಸರು ಹೇಳಿದೆ. ಗಲ್ಲಾದಲ್ಲಿದ್ದ ಹಿರಿಯರು ತಲೆಯೆತ್ತಿ ನೋಡಿ, "ಯಾವ ಊರು ತಂಗಿ?" ಎಂದರು. ಹೇಳಿದೆ. ಅವರ ಅಕ್ಕನನ್ನು ಕೊಟ್ಟದ್ದು ನಮ್ಮ ಪಕ್ಕದ ಊರಿಗೆ. ಕಾಫಿ ಬಂತು, ಬನ್ಸ್ ಬಂತು, ಇಂದಿರಕ್ಕನ ಯಜಮಾನರಿಗೆ ಫೋನ್ ಹೋಯಿತು. ಅವತ್ತಿನಿಂದ ಈ ಊರಿನಲ್ಲಿ ನನಗೆ ಭಯವಾಗಿಲ್ಲ. ಹೊಸಬರು ಬೇರೆ ಊರುಗಳಲ್ಲಿ ಪೊಲೀಸ್ ಠಾಣೆ ಎಲ್ಲಿದೆ ಎಂದು ನೋಡಿಟ್ಟುಕೊಳ್ಳುತ್ತಾರಂತೆ. ನಾವು ಇಡ್ಲಿಯ ವಾಸನೆ ನೋಡಿಟ್ಟುಕೊಂಡೆವು.

ನಡಿಗೆ ಶುರುವಾದದ್ದು ಮುಲುಂಡಿನಲ್ಲಿ, ಈಗ ಲಲಿತಾ ಇರುವ ಬಿಲ್ಡಿಂಗಿನ ಗೇಟಿನಿಂದ. ಮುಂಬಯಿಗೆ ಚಳಿ ಎಂಬುದು ನೆಂಟರ ಹಾಗೆ ಬಂದು ಹೋಗುವ ವಾರವಾಗಿತ್ತು. ಮಂಡಳಿಯವರು ಎಲ್ಲರಿಗೂ ಬಿಳಿ ಟೀ ಶರ್ಟ್ ಮಾಡಿಸಿದ್ದರು. ಸೀರೆಯ ಮೇಲೆ ಟೀ ಶರ್ಟ್ ಹಾಕಿಕೊಂಡು, ಸೆರಗನ್ನು ಏನು ಮಾಡುವುದೆಂದು ತಿಳಿಯದೆ ಕುತ್ತಿಗೆಗೆ ಸುತ್ತಿಕೊಂಡು, ಕೈಯಲ್ಲಿ ತಾಳ ಹಿಡಿದು ಭಜನೆ ಹೇಳುತ್ತ ಹೊರಟ ನಮ್ಮನ್ನು ನೋಡಿ ಮೊದಲ ಸಿಗ್ನಲಿನಲ್ಲೇ ಒಬ್ಬ ಬಾಳೆಹಣ್ಣಿನವನು ಕೇಳಿದ, "ಮೌಶಿ, ಕೌನ್ಸಾ ಪಾರ್ಟಿ?" ಲಲಿತಾ ಬಿಡುವವಳಲ್ಲ. "ಗಂಜಿ ಪಾರ್ಟಿ" ಎಂದಳು. ಅವನು ಪಕ್ಕದ ತೆಂಗಿನಕಾಯಿಯವನಿಗೆ ಹೊಸ ಪಾರ್ಟಿ ಬಂದಿದೆ ಎಂದು ಕೂಗಿ ಹೇಳಿದ.

ಸ್ನೇಹಾಳ ಕಾರು ನಮ್ಮ ಹಿಂದೆ ಬರಬೇಕಾಗಿತ್ತು. ಆ ರಸ್ತೆಯ ಟ್ರಾಫಿಕ್ ಬಲ್ಲವರು ಮುಂದಿನದನ್ನು ಊಹಿಸಬಹುದು. ಭಾಂಡುಪ್ ಮುಟ್ಟುವ ಮೊದಲೇ ಕಾರು ಎಲ್ಲೋ ಹಿಂದೆ ಉಳಿದು, ಅದು ಬರುವ ತನಕ ನಾವೇ ಕಾಯಬೇಕಾಯಿತು. "ಪಾಪ, ನನ್ನನ್ನು ಕೂರಿಸ್ಲಿಕ್ಕೆ ಬಂದ ಗಾಡಿ ಅದೇ ಕೂತಿದೆ" ಎಂದು ಇಂದಿರಕ್ಕ ನಕ್ಕರು. ಹಾಗೆ ನಗುತ್ತ ಅವರು ಕೈಯನ್ನು ಒಂದು ಅಂಗಡಿಯ ಶಟರಿಗೆ ಊರಿದ್ದನ್ನು ನಾನು ನೋಡಿದೆ. ನಲ್ಲಿಯ ಸಾಲಿನಲ್ಲಿ ವರ್ಷಗಟ್ಟಲೆ ಜೊತೆಗೆ ನಿಂತವರ ಮುಖ ನಮಗೆ ಪಂಚಾಂಗದ ಹಾಗೆ; ಓದಲು ಕನ್ನಡಕ ಬೇಡ. ಇಂದಿರಕ್ಕನಿಗೆ ತ್ರಾಣ ಮುಗಿಯುತ್ತ ಬಂತೆಂದರೆ ಅವರು ಬೇರೆಯವರ ಮಕ್ಕಳ ಕ್ಷೇಮ ವಿಚಾರಿಸಲು ಶುರು ಮಾಡುತ್ತಾರೆ. ಆಗಲೂ ಹಾಗೆಯೇ. "ನಿನ್ನ ಮಗಳಿಗೆ ಈಗ ಎಲ್ಲಿಗೆ ಟ್ರಾನ್ಸ್‌ಫರ್ ಆಯ್ತು ವಾರಿಜಾ? ಅವಳ ಅತ್ತೆಯ ಬಿಪಿ ಹೇಗುಂಟು?" ಮಗಳ ಅತ್ತೆಯ ಬಿಪಿಯವರೆಗೆ ಬಂದರೆ ಪರಿಸ್ಥಿತಿ ಗಂಭೀರ ಎಂದು ಅರ್ಥ.

ಕಾರು ಬಂದು ಸ್ನೇಹಾ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದೇ ತಡ, ನಾನು ಸೊಂಟ ಹಿಡಿದುಕೊಂಡು, "ಅಯ್ಯಮ್ಮಾ, ನನ್ನಿಂದ ಸಾಧ್ಯ ಇಲ್ಲ. ಸುಸ್ತು. ಕಾಲಿಗೆ ಜೀವ ಇಲ್ಲ" ಎಂದೆ. ಎದುರಿಗೇ ಒಂದು ಉಡುಪಿ ಹೋಟೆಲಿತ್ತು, ದೇವರ ದಯೆ. ಸುಸ್ತು ನನ್ನದು, ಶರ್ತ ಇಂದಿರಕ್ಕನದು. ಹಾಗಾಗಿ ಸ್ನೇಹಾಳಿಗೆ ಏನೂ ಹೇಳುವಂತಿರಲಿಲ್ಲ. ಒಳಗೆ ಹೋಗಿ ಕೂತೆವು. ಇಂದಿರಕ್ಕ ಯಾರ ಹೆಂಡತಿ ಎಂದು ಗಲ್ಲಾದವರಿಗೆ ತಿಳಿಯಲು ಎಷ್ಟು ಹೊತ್ತು? ಎದ್ದು ಬಂದು ಕೈಮುಗಿದರು. "ಅವರ ಕೈಕೆಳಗೆ ನಾನು ಕೆಲಸ ಕಲಿತದ್ದು ಅಮ್ಮಾ. ಏನೂ ತಿನ್ನದೆ ಹೋದ್ರೆ ನನಗೆ ಬೇಜಾರಾಗ್ತದೆ." ನಮ್ಮ ಕಡೆಯಲ್ಲಿ ಹೀಗೆ ಹೇಳಿದ ಮೇಲೆ ಎದ್ದು ಬರುವ ಕ್ರಮವಿಲ್ಲ. ಇಡ್ಲಿ ಬಂತು, ಗೋಳಿಬಜೆ ಬಂತು, ಕಾಫಿ ಬಂತು, ಹೊರಡುವಾಗ ದಾರಿಗೆಂದು ಒಂದು ಪೊಟ್ಟಣವೂ ಬಂತು. ಅಷ್ಟು ಹೊತ್ತಿಗೆ ಇಂದಿರಕ್ಕನ ಮುಖಕ್ಕೆ ಬಣ್ಣ ಬಂದಿತ್ತು, ಮಗಳ ಅತ್ತೆಯ ಬಿಪಿ ಮರೆತುಹೋಗಿತ್ತು.

ಉಪಾಯ ಸಿಕ್ಕಿತು. ಮುಲುಂಡಿನಿಂದ ಪರೇಲಿನವರೆಗೆ ನಮ್ಮವರ ಹೋಟೆಲುಗಳಿಗೆ ಬರವಿಲ್ಲ. ಇಂದಿರಕ್ಕ ಯಾರದೋ ಮಕ್ಕಳನ್ನು ವಿಚಾರಿಸತೊಡಗಿದರೆ ಸಾಕು, ನನಗೆ ಸುಸ್ತಾಗುತ್ತಿತ್ತು, ಹಸಿವಾಗುತ್ತಿತ್ತು, ತಲೆ ತಿರುಗುತ್ತಿತ್ತು. ಹೋಟೆಲು ಕಾಣದಿದ್ದರೆ ಸಿಗ್ನಲು ಕೆಂಪಾಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ಹಾಗೆ ಬೇಡಿಕೊಂಡವರು ಈ ಊರಿನಲ್ಲಿ ಬೇರೆ ಯಾರೂ ಇರಲಾರರು. ಬೇರೆಯವರ ಬೇಡಿಕೆ ಇಲ್ಲದ್ದರಿಂದಲೋ ಏನೋ, ನನ್ನದು ಬೇಗ ಬೇಗ ಈಡೇರುತ್ತಿತ್ತು.

ಮೊದಲ ದಿನದ ನಡಿಗೆ ಮುಗಿದಾಗ ಇನ್ನೊಂದು ಪ್ರಶ್ನೆ ಎದ್ದಿತು. ಬೇರೆ ಕಡೆ ಪಾದಯಾತ್ರೆ ಹೋದವರು ಛತ್ರದಲ್ಲೋ ಶಾಲೆಯಲ್ಲೋ ತಂಗುತ್ತಾರೆ. ನಮಗೆ ಮನೆಯಲ್ಲಿ ಕುಕ್ಕರ್ ಇಡಬೇಕು. ಹಾಗಾಗಿ ಮಧ್ಯಾಹ್ನಕ್ಕೆ ಲೋಕಲ್ ಹಿಡಿದು ಅವರವರ ಮನೆಗೆ ಹೋಗಿ, ಮರುದಿನ ಬೆಳಿಗ್ಗೆ ನಿಲ್ಲಿಸಿದಲ್ಲಿಗೇ ಬಂದು ಮುಂದುವರಿಯುವುದು ಎಂದು ಏರ್ಪಾಡು. ಆದರೆ ನಿಲ್ಲಿಸಿದ್ದು ಎಲ್ಲಿ ಎಂದು ಹೇಗೆ ಗೊತ್ತಾಗಬೇಕು? "ಒಂದು ಹೆಜ್ಜೆ ಬಿಟ್ಟುಹೋದ್ರೂ ನಡೆದ ಹಾಗೆ ಆಗ್ಲಿಕ್ಕಿಲ್ಲ" ಎಂದರು ಇಂದಿರಕ್ಕ. ಸೀಮೆಸುಣ್ಣ ಯಾರ ಹತ್ತಿರವೂ ಇರಲಿಲ್ಲ. ನನ್ನ ಚೀಲದಲ್ಲಿ ಕುಂಕುಮದ ಭರಣಿ ಇತ್ತು. ಫುಟ್‌ಪಾತಿನ ಅಂಚಿನಲ್ಲಿದ್ದ ಒಂದು ಸಣ್ಣ ಕಲ್ಲಿಗೆ, ಮಾಸದಿರಲಿ ಎಂದು ಸ್ವಲ್ಪ ದಪ್ಪವಾಗಿಯೇ, ಕುಂಕುಮ ಹಚ್ಚಿ ಮನೆಗೆ ಹೋದೆವು.

ಮರುದಿನ ಬಂದು ನೋಡಿದರೆ ಕಲ್ಲು ಕಾಣಿಸಲಿಲ್ಲ. ಅದರ ಮೇಲೆ ಗೊಂಡೆ ಹೂವಿನ ಮಾಲೆ ಇತ್ತು. ಮುಂದೆ ಊದುಬತ್ತಿ ಉರಿಯುತ್ತಿತ್ತು, ಪಕ್ಕದಲ್ಲಿ ಅರ್ಧ ತೆಂಗಿನಕಾಯಿ. ಆಫೀಸಿಗೆ ಓಡುತ್ತಿದ್ದ ಒಬ್ಬ ಗೃಹಸ್ಥರು ನಮ್ಮ ಕಣ್ಣೆದುರಿಗೇ ಚಪ್ಪಲಿ ಬಿಟ್ಟು ಕೈಮುಗಿದು ಹೋದರು. ಲಲಿತಾ ನನ್ನ ಕಿವಿಯಲ್ಲಿ, "ವಾರಿಜಕ್ಕ, ದೇವಸ್ಥಾನ ಕಟ್ಟಿಬಿಟ್ರಿ ನೀವು! ಮುಂಬಯಿಯಲ್ಲಿ ಒಂದು ಖೋಲಿ ಕಟ್ಲಿಕ್ಕೆ ಆಗುದಿಲ್ಲ ಜನರಿಗೆ" ಎಂದಳು. ನಗು ಬಂತು. ಆದರೆ ನಗುವುದು ಹೇಗೆ? ಕುಂಕುಮ ಹಚ್ಚಿದವಳು ನಾನೇ ಆದರೂ ಹೂವು ಬಿದ್ದ ಮೇಲೆ ಅದು ನನ್ನ ಕೈಯಲ್ಲಿಲ್ಲ. ಇಂದಿರಕ್ಕನೇ ಮೊದಲು ಚಪ್ಪಲಿ ಕಳಚಿ, "ಯಾವ ದೇವರೋ, ಬಂದು ಕೂತಿದ್ದೀ. ನನ್ನ ಕಾಲು ಕಾಪಾಡಪ್ಪಾ" ಎಂದು ಕೈಮುಗಿದರು. ನಾವೆಲ್ಲ ಮುಗಿದೆವು. ಆ ದಿನದ ಗುರುತಿಗೆ ಮಾತ್ರ ಕುಂಕುಮ ಬೇಡವೆಂದು ಸ್ನೇಹಾ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು.

ಫೋಟೋ ಎಂದಾಗ ನೆನಪಾಯಿತು. ಮಂಡಳಿಯ ಗ್ರೂಪಿನಲ್ಲಿ ದಿನದಿನವೂ ನಮ್ಮ ಫೋಟೋ ಬರುತ್ತಿತ್ತು. ಇಂದಿರಕ್ಕ ತಾಳ ಹಿಡಿದು ಮುಂದೆ ನಡೆಯುತ್ತಿರುವುದು, ಲಲಿತಾ ಕೈಬೀಸುತ್ತಿರುವುದು, ನಾನು ಕೂತಿರುವುದು. ನಾನು ಇಡ್ಲಿಯ ಮುಂದೆ ಕೂತಿರುವುದು. ನಾನು ಬಸ್ ಸ್ಟಾಪಿನಲ್ಲಿ ಕೂತು ಗಾಳಿ ಹಾಕಿಕೊಳ್ಳುತ್ತಿರುವುದು. ಎರಡನೆಯ ದಿನ ನಡಿಗೆ ನಮ್ಮ ಘಾಟ್ಕೋಪರಿಗೇ ಬಂದು ಮುಗಿದಾಗ ನಮ್ಮವರು ಬಾಗಿಲು ತೆರೆದು, "ಬಂದೆಯಾ? ಗ್ರೂಪ್ ನೋಡಿದೆ. ಇಷ್ಟು ಫೋಟೋದಲ್ಲಿ ನೀನು ಕಾಲ ಮೇಲೆ ನಿಂತದ್ದು ಒಂದೂ ಇಲ್ಲ. ನಿನ್ನನ್ನು ಹೊತ್ತುಕೊಂಡು ಹೋಗ್ತಿದ್ದಾರಾ ಹೇಗೆ?" ಎಂದರು. ನಿಜ ಹೇಳೋಣವೆಂದರೆ ಅವರ ಬಾಯಿಯಲ್ಲಿ ಮಾತು ನಿಲ್ಲುವುದಿಲ್ಲ. ಇಂದಿರಕ್ಕನ ಮಗನಿಗೆ ಫೋನ್ ಮಾಡಿ, "ನಿಮ್ಮ ಅಮ್ಮನಿಗೆ ಆಗ್ತಾ ಇಲ್ಲವಂತೆ" ಎಂದುಬಿಟ್ಟಾರು. "ನನಗೆ ಸುಸ್ತು" ಎಂದೆ. ಬಾಯಿಗೆ ಅಭ್ಯಾಸವಾಗಿಬಿಟ್ಟಿತ್ತು.

ಮೂರನೆಯ ದಿನದಿಂದ ಸ್ನೇಹಾ ಕಾರನ್ನು ಮನೆಯಲ್ಲೇ ಬಿಟ್ಟು ನಮ್ಮ ಜೊತೆ ನಡೆಯತೊಡಗಿದಳು. ಚೆಂಬೂರಿನಲ್ಲಿ ಅವರ ಮನೆಯ ಎದುರಿಗೇ ಹಾದುಹೋದೆವು. ಇಂದಿರಕ್ಕ ಮನೆಯ ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದರೆ ಕಾಲು ಅಲ್ಲೇ ತಿರುಗಿಬಿಡುತ್ತದೆ ಎಂಬ ಭಯವಿದ್ದಿರಬೇಕು. ಸ್ನೇಹಾ ಹತ್ತಿರವಿದ್ದದ್ದರಿಂದ ನನ್ನ ನಾಟಕ ಕಷ್ಟವಾಯಿತು. ಅವಳು ಕಂಪೆನಿಯಲ್ಲಿ ಲೆಕ್ಕ ಪರಿಶೋಧನೆ ಮಾಡುವವಳು, ಸುಳ್ಳನ್ನು ನೋಡುವ ನೋಟವೇ ಬೇರೆ. ನಾನು ಒಂದು ಸಲ ಎಡಗಾಲು ಹಿಡಿದುಕೊಂಡು ಕೂತೆ. ಅವಳು, "ಆಂಟಿ, ಆಗ ರೈಟ್ ಕಾಲು ಅಂದ್ರಿ ನಾ?" ಎಂದಳು. "ಹೌದಮ್ಮ, ಈಗ ಇದಕ್ಕೂ ಬಂತು" ಎಂದೆ. ಅವಳು ನೀರಿನ ಬಾಟಲಿ ಕೊಟ್ಟಳು.

ಕೊನೆಯ ದಿನ ಸಯನ್ ದಾಟಿ ಮಾಟುಂಗಕ್ಕೆ ಬರುವಾಗ ನಮ್ಮ ಭಜನೆ ತಾನಾಗಿಯೇ ನಿಂತಿತು. ಅಲ್ಲಿ ಮಾತಾಡುವುದಕ್ಕೇ ಬಹಳವಿತ್ತು. ಇಲ್ಲಿ ಬಾಳೆಎಲೆ ತೆಗೆದುಕೊಳ್ಳುತ್ತಿದ್ದದ್ದು. ಇಲ್ಲಿ ಲಲಿತಾಳ ಗಂಡ ಅವಳಿಗೆ ಮಲ್ಲಿಗೆ ಕೊಡಿಸಿ, ಮಾಳಿಗೆಯವರೆಲ್ಲ ನೋಡುತ್ತಾರೆಂದು ನಾಚಿ ಪೇಪರಿನಲ್ಲಿ ಸುತ್ತಿ ಕೊಟ್ಟದ್ದು. ನಮ್ಮ ಚಾಳು ಇದ್ದಲ್ಲಿ ಈಗ ಗಾಜಿನ ಗೋಪುರವಿದೆ. ನಲ್ಲಿ ಇದ್ದ ಜಾಗದಲ್ಲಿ ಒಂದು ಸಣ್ಣ ಕಾರಂಜಿ ಇಟ್ಟಿದ್ದಾರೆ. ಅಷ್ಟೊಂದು ನೀರು ಸುಮ್ಮನೆ ಮೇಲೆ ಹಾರಿ ಕೆಳಗೆ ಬೀಳುತ್ತಿದೆ, ಒಂದು ಬಕೆಟೂ ಇಲ್ಲ! ಮೂವರೂ ಗೇಟಿನ ಸರಳು ಹಿಡಿದು ಅದನ್ನೇ ನೋಡುತ್ತ ನಿಂತೆವು. ವಾಚ್‌ಮನ್ ಬಂದು ಯಾರು ಬೇಕು ಎಂದು ಕೇಳಿದ. ಯಾರು ಬೇಕು ಎಂದು ಹೇಳುವುದು?

ಅಲ್ಲಿಂದ ಹೊರಟ ಮೇಲೆ ಇಂದಿರಕ್ಕ ಸ್ನೇಹಾಳಿಗೆ, "ನಿನ್ನ ಅಣ್ಣನ ಮಗುವಿಗೆ ಹಲ್ಲು ಬಂತಾ?" ಎಂದರು. ಆಮೇಲೆ ಅಣ್ಣನ ಹೆಂಡತಿಯ ತಂಗಿಯ ಮದುವೆಯ ಬಗ್ಗೆ ಕೇಳಿದರು. ನಾನು ಅವರ ಕೈಹಿಡಿದೆ, ಅಂಗೈ ತಣ್ಣಗಿತ್ತು. ಬಲಗಾಲು ಎತ್ತಿ ಇಡುವ ಬದಲು ಎಳೆದುಕೊಳ್ಳುತ್ತಿದ್ದರು. ಪರೇಲ್ ಇನ್ನೇನು ಸಿಕ್ಕಿತೆನ್ನುವಾಗ ಇಲ್ಲಿ ಕೂತುಬಿಟ್ಟರೆ ನಾಲ್ಕು ದಿನದ್ದೆಲ್ಲ ಹೋಯಿತು. ಆದರೆ ನನಗೆ ಧೈರ್ಯವಿತ್ತು. ತಿರುವಿನಾಚೆ ಇಂದಿರಕ್ಕನ ಯಜಮಾನರು ಕೂರುತ್ತಿದ್ದ ಹೋಟೆಲೇ ಇತ್ತಲ್ಲ. ತಿರುಗಿದೆವು. ಹೋಟೆಲಿರಲಿಲ್ಲ. ಅದರ ಜಾಗದಲ್ಲಿ ಒಂದು ಚಪ್ಪಲಿ ಶೋರೂಮು ಬೆಳಕಿನಲ್ಲಿ ಝಗಝಗಿಸುತ್ತಿತ್ತು.

ಬೇರೆ ದಾರಿಯಿರಲಿಲ್ಲ. "ಅಯ್ಯೋ, ನನ್ನ ಚಪ್ಪಲಿ ಕಚ್ಚುತ್ತಾ ಉಂಟು. ಹೊಸದು ಬೇಕು, ಈಗಲೇ ಬೇಕು" ಎಂದು ಒಳಗೆ ನುಗ್ಗಿದೆ. ಎಲ್ಲರೂ ಹಿಂದೆ ಬಂದರು. ಮೆತ್ತನೆಯ ಸೋಫಾ ಇತ್ತು, ದೇವರ ದಯೆ. ನಾನು ಕೂತೆ, ಇಂದಿರಕ್ಕ ಮಾತ್ರ ಕೂರಲಿಲ್ಲ. ಗೋಡೆ ನೋಡಿದರು, ಬಾಗಿಲು ನೋಡಿದರು, ನಿಧಾನವಾಗಿ ನಡೆದು ಬಾಗಿಲ ಬಲಗಡೆ, ಚಪ್ಪಲಿ ಹಾಕಿ ನೋಡುವವರಿಗಾಗಿ ಇಟ್ಟಿದ್ದ ಒಂದು ಪುಟ್ಟ ಸ್ಟೂಲಿನ ಮೇಲೆ ಕೂತರು. "ಗಲ್ಲಾ ಇಲ್ಲಿತ್ತು" ಎಂದರು. "ಇಲ್ಲಿ ಕೂತ್ರೆ ಬೀದಿ ಕಾಣ್ತದೆ. ನಾವು ಮೂವರು ತರಕಾರಿ ತಗೊಂಡು ಹೋಗುದು ಕಾಣ್ತಿತ್ತಂತೆ. ಮನೆಗೆ ಬಂದು ಹೇಳ್ತಿದ್ರು, ಇವತ್ತು ಬಸಳೆ ತಂದಿದ್ದಿ ಅಲ್ವಾ ಅಂತ. ನಾನು, ನಿಮಗೆ ಹೇಗೆ ಗೊತ್ತಾಯ್ತು ಅಂತ ಕೇಳ್ತಿದ್ದೆ. ಪ್ರತಿ ಸಲ ಕೇಳ್ತಿದ್ದೆ. ಗೊತ್ತಿದ್ರೂ." ಆಮೇಲೆ ಅವರು ಬೀದಿ ನೋಡುತ್ತ ಕೂತರು.

ಸೇಲ್ಸ್‌ಮನ್ ನನ್ನ ಮುಂದೆ ಒಂದರ ಮೇಲೊಂದು ಡಬ್ಬ ತೆರೆಯುತ್ತಿದ್ದ. ನಾನು ಒಂದು ಬಿಗಿಯೆಂದೆ, ಇನ್ನೊಂದು ಸಡಿಲವೆಂದೆ, ಮತ್ತೊಂದರ ಬಣ್ಣ ದೇವಸ್ಥಾನಕ್ಕೆ ಆಗುವುದಿಲ್ಲವೆಂದೆ. ಚಪ್ಪಲಿಯನ್ನು ದೇವಸ್ಥಾನದ ಹೊರಗೆ ಬಿಡುವುದಲ್ಲವೇ ಎಂದು ಅವನು ಹಿಂದಿಯಲ್ಲಿ ಮೆಲ್ಲಗೆ ಕೇಳಿದ. ನನ್ನಲ್ಲಿ ಉತ್ತರ ಮುಗಿದಿತ್ತು, ಅವನಲ್ಲಿ ಡಬ್ಬ ಮುಗಿದಿತ್ತು. ಎದ್ದೇಳಬೇಕು ಎನ್ನುವಾಗ ಸ್ನೇಹಾ ಅತ್ತೆಯ ಕಡೆ ನೋಡಿದಳು. ಇಂದಿರಕ್ಕ ಸೀರೆಯ ಮರೆಯಲ್ಲಿ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು. ಸ್ನೇಹಾ ನೋಟ ತಿರುಗಿಸಿ, ಷೆಲ್ಫಿನ ತೀರಾ ಮೇಲಿನ ಸಾಲಿಗೆ ಬೆರಳು ತೋರಿಸಿ, "ಆಂಟಿ, ಅದು ನೀಲಿ ನೋಡಿ ನಾ. ಅದು ನಿಮಗೆ ಛಾನ್ ಕಾಣ್ತದೆ" ಎಂದಳು. ಸೇಲ್ಸ್‌ಮನ್ ಏಣಿ ತರಲು ಹೋದ. ಗೋದಾಮಿನಿಂದ ಏಣಿ ಬರುವಷ್ಟು ಹೊತ್ತು ನಮಗೆ ಸಿಕ್ಕಿತು. ಸ್ನೇಹಾ ನನ್ನ ಪಕ್ಕ ಕೂತು, ನನ್ನ ಕಡೆ ನೋಡದೆ, ಟಿಶ್ಯೂನಿಂದ ನನ್ನ ಹಣೆಯ ಬೆವರು ಒರೆಸಿದಳು. ಆ ನೀಲಿ ಚಪ್ಪಲಿಯನ್ನು ನಾನು ಕೊಂಡುಕೊಳ್ಳಲೇಬೇಕಾಯಿತು. ಅದು ನಿಜವಾಗಿಯೂ ಕಚ್ಚುತ್ತದೆ.

ಪರೇಲಿನ ಓಣಿಗೆ ಬಂದಾಗ ಗಂಜಿಯ ಹೊತ್ತಾಗಿತ್ತು. ಅಡುಗೆಮನೆಯ ಬಾಗಿಲಿಗೆ ಮೆಟ್ಟಿಲುಗಳಿವೆ. ಸ್ನೇಹಾ ಕೈ ಮುಂದೆ ಚಾಚಿದಳು. ಇಂದಿರಕ್ಕ ಆ ಕೈಗೆ ತನ್ನ ಚೀಲ ಕೊಟ್ಟು, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಇಡುತ್ತ ತಾವೇ ಹತ್ತಿದರು. ಹೂವು ಹಿಡಿದು ನಿಂತಿದ್ದ ಮಂಡಳಿಯವರು ಮುಂದೆ ಕುರ್ಚಿ ಹಾಕಿದ್ದರು. ಅವರು ಕುರ್ಚಿಯನ್ನು ದಾಟಿ ಹೋಗಿ, ಬೆಂಚಿನ ಸಾಲಿನಲ್ಲಿ ಬಾಗಲಕೋಟೆ ಕಡೆಯ ಒಬ್ಬ ಹೆಂಗಸಿನ ಪಕ್ಕದಲ್ಲಿ ಕೂತರು. ಆಕೆಯ ತಟ್ಟೆಯಲ್ಲಿ ಗಂಜಿ ತಣ್ಣಗಾಗುತ್ತಿತ್ತು. "ನಿಮ್ಮೋರು ಒಳಗದಾರೇನ್ರೀ?" ಎಂದು ಆಕೆ ಕೇಳಿದಳು. "ಇದ್ರು" ಎಂದರು ಇಂದಿರಕ್ಕ. "ಬಿಸಿ ಇರುವಾಗ ಉಣ್ಣಮ್ಮ. ನಿನ್ನವರನ್ನು ನೋಡ್ಲಿಕ್ಕೆ ನಿನಗೆ ತ್ರಾಣ ಬೇಡ್ವಾ?" ಆಕೆ ಚಮಚ ಎತ್ತಿಕೊಂಡಳು. ಇಬ್ಬರೂ ಒಟ್ಟಿಗೆ ಉಂಡರು. ನಾನು ಕಣ್ಣೊರೆಸಲು ಸೆರಗು ಹುಡುಕಿದೆ. ಅವತ್ತು ಅದು ಟೀ ಶರ್ಟಿನ ಒಳಗಿತ್ತು.

ಊಟವಾದ ಮೇಲೆ ಮಂಡಳಿಯ ಕಾರ್ಯದರ್ಶಿ ಒಳ್ಳೆಯ ಸುದ್ದಿ ಹೇಳಿದರು. ದಾರಿಯ ಹೋಟೆಲುಗಳವರೂ ತಾವಾಗಿ ಕೊಟ್ಟದ್ದರಿಂದ ಹೊಸ ಜಾಗ ಗಟ್ಟಿಯಾಯಿತು. ಅಂದರೆ ನಾನು ತಿಂದ ಇಡ್ಲಿ ಯಾವುದೂ ವ್ಯರ್ಥವಾಗಲಿಲ್ಲ. ಆಮೇಲೆ ಇಂದಿರಕ್ಕನ ಕೈಗೆ ಮೈಕ್ ಕೊಟ್ಟು, "ಈ ಪ್ರಾಯದಲ್ಲಿ ನಡೆದ್ರಲ್ಲ, ಹೇಗಾಯ್ತು?" ಎಂದು ಕೇಳಿದರು. ಇಂದಿರಕ್ಕ ಗಂಟಲು ಸರಿಮಾಡಿಕೊಂಡರು. "ನನಗೆ ಎಂತದೂ ಕಷ್ಟ ಆಗ್ಲಿಲ್ಲ. ದೇವರು ನಡೆಸಿದ. ಆದ್ರೆ ನಮ್ಮ ವಾರಿಜ, ಪಾಪ, ನನಗಿಂತ ಎಷ್ಟು ಸಣ್ಣವಳು, ನಾಲ್ಕು ಹೆಜ್ಜೆಗೆ ಒಂದು ಸಲ ಕೂರ್ತಾಳೆ! ಅವಳನ್ನು ಇಲ್ಲಿಗೆ ಮುಟ್ಟಿಸುದೇ ನನಗೆ ದೊಡ್ಡ ಕೆಲಸ ಆಯ್ತು. ಅವಳಿಗೊಂದು ಚಪ್ಪಾಳೆ ಹೊಡೀರಿ." ಎಲ್ಲರೂ ಜೋರಾಗಿ ಹೊಡೆದರು. ಎಲ್ಲರಿಗಿಂತ ಜೋರಾಗಿ ಸ್ನೇಹಾ. ಇಂದಿರಕ್ಕ ನನ್ನ ಕಡೆ ನೋಡಿ ಒಂದು ಸಣ್ಣ ನಗು ನಕ್ಕಾರೆಂದು ಕಾದೆ. ಅವರ ಮುಖದಲ್ಲಿ ಇದ್ದದ್ದು ಬರೀ ಕನಿಕರ.

ಮರುದಿನ ಸಂಜೆ ಒಣಗಿದ ಬಟ್ಟೆ ಮಡಚುವಾಗ ಅವರ ಫೋನ್ ಬಂತು. "ವಾರಿಜಾ, ನನ್ನ ಡಾಕ್ಟರತ್ರ ನಿನ್ನ ಹೆಸರೂ ಬರೆಸಿದ್ದೇನೆ. ಹೆದರ್ಬೇಡ, ಒಳ್ಳೆಯವರು. ಈಗಲೇ ತೋರಿಸಿಕೋ ಮಾರಾಯ್ತಿ. ನನ್ನ ಹಾಗೆ ಕೊನೆವರೆಗೆ ಬಿಡ್ಬೇಡ."

"ಇಂದಿರಕ್ಕ, ನನಗೆ ಏನೂ ಆಗ್ಲಿಲ್ಲ. ಅದು ನಾನು..." ಎಂದು ಶುರು ಮಾಡಿದವಳು ನಿಲ್ಲಿಸಿದೆ. ನನ್ನದಲ್ಲವೆಂದರೆ ಆ ಸುಸ್ತು ಯಾರದೆಂದು ಹೇಳಬೇಕಾಗುತ್ತದೆ. ತಾನೇ ನಡೆದೆ ಎಂಬ ಸಂತೋಷದಲ್ಲಿ ಆಪರೇಷನ್ನಿಗೆ ಹೊರಟವರಿಗೆ ಅದನ್ನು ವಾಪಸು ಕೊಡುವುದು ಹೇಗೆ? "ಆಯ್ತು, ತೋರಿಸ್ತೇನೆ" ಎಂದೆ. "ಬುದ್ಧಿವಂತೆ" ಎಂದು ಅವರು ಫೋನ್ ಇಟ್ಟರು. ನಾಲ್ಕು ದಿನ ಅವರನ್ನು ನಾನು ನಡೆಸಿದೆನೆಂದು ಒಳಗೊಳಗೇ ಬೀಗುತ್ತಿದ್ದವಳಿಗೆ ದೇವರು ಅಷ್ಟಾದರೂ ಬುದ್ಧಿ ಕೊಟ್ಟ.

ಬಟ್ಟೆ ಕಪಾಟಿಗೆ ಇಟ್ಟು, ನಾಳೆಯ ದೋಸೆಗೆ ಉದ್ದು ನೆನೆಹಾಕಲು ಅಡುಗೆಮನೆಗೆ ಹೋದೆ. ಉದ್ದಿನ ಡಬ್ಬ ಕೆಳಗಿನ ಖಾನೆಯಲ್ಲಿತ್ತು. ಬಗ್ಗಿದೆ, ಬಲಗಾಲಿನ ಮೊಣಕಾಲು ಕಟಕ್ಕೆಂದಿತು. ಏಳಲು ಹೋದೆ, ಎಡಗಾಲಿನದೂ ಕಟಕ್ಕೆಂದಿತು. ನಮ್ಮವರು ಹಾಲ್‌ನಲ್ಲಿ ಟಿವಿ ಜೋರಾಗಿ ಹಾಕಿಕೊಂಡಿದ್ದರು, ಕೇಳಿಸಲಿಲ್ಲ, ದೇವರ ದಯೆ. ಡಬ್ಬ ಹಿಡಿದು ನೆಲದಲ್ಲೇ ಸ್ವಲ್ಪ ಹೊತ್ತು ಕೂತೆ. ಆ ನಾಲ್ಕು ದಿನ ನಾನು ಕೂತದ್ದರಲ್ಲಿ ಇಂದಿರಕ್ಕನಿಗಾಗಿ ಕೂತದ್ದು ಎಷ್ಟು, ನನಗಾಗಿ ಕೂತದ್ದು ಎಷ್ಟು ಎಂದು ಈಗ ಯೋಚಿಸಿದರೆ ಗಡಿ ಸರಿಯಾಗಿ ಸಿಗುವುದಿಲ್ಲ. ಡಾಕ್ಟರರ ಹತ್ತಿರ ಹೋಗುವುದು ಯಾವ ದಿನವೆಂದು ಇಂದಿರಕ್ಕನನ್ನು ಮೆಲ್ಲಗೆ ಕೇಳಬೇಕು ಎಂದುಕೊಂಡು, ಅಡುಗೆಕಟ್ಟೆಯ ಅಂಚು ಹಿಡಿದು ಎದ್ದು, ಉದ್ದು ತೊಳೆದು ನೀರು ಹಾಕಿ ಇಟ್ಟೆ.